ಟೀರೊ ಬರೆದ ಉತ್ತರಗಳು ಎಲ್ಲಿ?

ನೀವು ಒಂದು ಕಾದಂಬರಿ ಬರೆಯಲು ಕೂತಿದ್ದೀರಿ ಎಂದಿಟ್ಟುಕೊಳ್ಳಿ. ಪ್ರಾಚೀನ ರೋಮಿನ ಕಥೆ. ಆದರೆ ಅಲ್ಲಿ ನಡೆದದ್ದು ನಡೆದ ಹಾಗೇ ಇರಬಾರದು, ಚರಿತ್ರೆ ಎಲ್ಲೋ ಒಂದು ಕಡೆ ಬೇರೆ ದಾರಿ ಹಿಡಿದಿರಬೇಕು. ಕಥೆಯ ನಾಯಕ ಓದುಬರಹ ಬಲ್ಲ ಒಬ್ಬ ಗುಲಾಮ. ಆ ದಾರಿಯನ್ನು ಎಲ್ಲಿ ತಿರುಗಿಸುತ್ತೀರಿ?

ಇಂಥ ಕಥೆ ಬರೆಯುವವರು ಸಾಮಾನ್ಯವಾಗಿ ದೊಡ್ಡದಕ್ಕೇ ಕೈಹಾಕುತ್ತಾರೆ. ಹ್ಯಾನಿಬಲ್ ರೋಮ್ ನಗರವನ್ನೇ ಹಿಡಿದುಬಿಟ್ಟ. ಸೀಸರ್ ತಾನು ಕೊಲೆಯಾಗಲಿದ್ದ ಆ ದಿನ ಸೆನೆಟ್ಟಿಗೆ ಹೋಗದೆ ಮನೆಯಲ್ಲೇ ಉಳಿದ. ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್ ಗೆದ್ದ, ಕ್ರಿ.ಪೂ. 71ರಲ್ಲಿ ಕಾಪುವಾದಿಂದ ರೋಮಿನವರೆಗೆ ಹೆದ್ದಾರಿಯುದ್ದಕ್ಕೂ 6,000 ಜನರನ್ನು ಶಿಲುಬೆಗೇರಿಸುವ ಪ್ರಸಂಗವೇ ಬರಲಿಲ್ಲ. ಇವೆಲ್ಲ ಬರೆಯಬಹುದಾದ ಕಥೆಗಳೇ. ಆದರೆ ನಾನು ಇವತ್ತು ಕೇಳುವ ಬದಲಾವಣೆ ತೀರ ಚಿಕ್ಕದು. ಯುದ್ಧ ಬೇಡ, ದಂಗೆ ಬೇಡ. ಟೀರೊ ಎಂಬ ಒಬ್ಬ ಗುಲಾಮ ಬರೆದ ಒಂದು ಕಟ್ಟು ಪತ್ರಗಳು ಉಳಿದವು ಅಂತ ಮಾಡಿ, ಸಾಕು. ನಿಜದ ಚರಿತ್ರೆಯಲ್ಲಿ ಆ ಕಟ್ಟು ಉಳಿಯಲಿಲ್ಲ. ಅವನಿಗೆ ಬಂದ ಪತ್ರಗಳು ಮಾತ್ರ ಉಳಿದಿವೆ.

ಮುಂದೆ ಹೋಗುವ ಮೊದಲು ಒಂದು ಪದದ ವಿಚಾರ. ನಾನು ಬೇಕೆಂದೇ ‘ಗುಲಾಮ’ ಅನ್ನುತ್ತಿದ್ದೇನೆ, ‘ದಾಸ’ ಅನ್ನುತ್ತಿಲ್ಲ. ನಮ್ಮ ಭಾಷೆಯಲ್ಲಿ ದಾಸ ಅಂದ ಕೂಡಲೇ ಕಿವಿಗೆ ತಂಬೂರಿ ಕೇಳಿಸುತ್ತದೆ, ಪುರಂದರದಾಸರು ನೆನಪಾಗುತ್ತಾರೆ. ತಾನೇ ಒಪ್ಪಿ ಹೊತ್ತ ದಾಸತ್ವ ಅದು. ರೋಮಿನದು ಹಾಗಲ್ಲ. ಅಲ್ಲಿ ಮನುಷ್ಯನನ್ನು ಮಾರುವಾಗ ಕೊರಳಿಗೆ ಒಂದು ಫಲಕ ತೂಗುಹಾಕುತ್ತಿದ್ದರು. ಯಾವ ದೇಶದವನು, ಏನು ಕಾಯಿಲೆ, ಹಿಂದೆ ಓಡಿಹೋಗಿದ್ದನೆ ಎಂಬುದನ್ನೆಲ್ಲ ಮಾರುವವನು ಹೇಳಲೇಬೇಕು, ಎತ್ತಿನ ಸುಳಿ ಹೇಳಿದ ಹಾಗೆ. ಹೊರದೇಶದಿಂದ ತಂದವನಾದರೆ ಪಾದಕ್ಕೆ ಸುಣ್ಣದಂಥ ಬಿಳಿ ಬಳಿದಿರುತ್ತಿತ್ತು. ‘ಮಾತಾಡುವ ಉಪಕರಣ’ ಎಂದು ಬೇಸಾಯದ ಪುಸ್ತಕ ಬರೆದ ವಾರೊ ಅವರನ್ನು ಪಟ್ಟಿಮಾಡುತ್ತಾನೆ. ಎತ್ತು ಅರೆಮಾತಿನ ಉಪಕರಣ, ಗಾಡಿ ಮೂಕ ಉಪಕರಣ, ಗುಲಾಮ ಮಾತಾಡುವ ಉಪಕರಣ.

ಇಂಥ ಉಪಕರಣಕ್ಕೆ ಅಕ್ಷರ ಕಲಿಸಿದರೆ ಏನಾಗುತ್ತದೆ? ನಾವು ಅಕ್ಷರವನ್ನು ಬಿಡುಗಡೆ ಎಂದು ನಂಬಿ ಬೆಳೆದವರು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೊದಲ ತಲೆಮಾರಿನ ಓದು ಇಡೀ ಮನೆಯನ್ನೇ ಎತ್ತಿ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ರೋಮಿನ ಲೆಕ್ಕ ನಮಗೆ ಚಟ್ಟನೆ ಹೊಳೆಯುವುದಿಲ್ಲ. ಅಲ್ಲಿ ಗುಲಾಮನಿಗೆ ಓದು ಬಂದರೆ ಏರುತ್ತಿದ್ದದ್ದು ಅವನ ಬೆಲೆ. ಆ ಬೆಲೆ ಅವನ ಮಾಲೀಕನದು.

ಕ್ರಾಸಸ್ ಎಂಬ ಮಹಾ ಸಿರಿವಂತನ ಮನೆಯಲ್ಲಿ ಓದುವ ಆಳುಗಳು, ಬರೆಯುವ ಆಳುಗಳು, ಬೆಳ್ಳಿ ಕೆಲಸದವರು, ಮೇಸ್ತ್ರಿಗಳು ರಾಶಿ ರಾಶಿ ಇದ್ದರು. ಅವರ ಕಲಿಕೆಯನ್ನು ಆತ ಖುದ್ದು ನಿಂತು ನೋಡಿಕೊಳ್ಳುತ್ತಿದ್ದ ಎಂದು ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆಯುತ್ತಾನೆ. ರೋಮಿನ ಹೆಸರಾಂತ ವಾಗ್ಮಿ, ರಾಜಕಾರಣಿ ಸಿಸೆರೊನ ಗೆಳೆಯ ಅಟ್ಟಿಕಸ್‌ನ ಮನೆಯಲ್ಲಿ ಬೆನ್ನ ಹಿಂದೆ ನಡೆಯುವ ಆಳಿಗೂ ಚೆನ್ನಾಗಿ ಓದಲು, ನಕಲು ಮಾಡಲು ಬರುತ್ತಿತ್ತು. ತತ್ವಜ್ಞಾನಿ ಸೆನೆಕಾ ಹೇಳುವ ಕಾಲ್ವಿಸಿಯಸ್ ಸಬೈನಸ್ ಎಂಬ ಹಣವಂತನಿಗೆ ನೆನಪಿನ ಶಕ್ತಿಯೇ ಇರಲಿಲ್ಲ. ಆತ ಗ್ರೀಕ್ ಕವಿ ಹೋಮರನ ಕಾವ್ಯ ಬಾಯಿಪಾಠ ಮಾಡಲು ಒಬ್ಬ, ಹೆಸಿಯಡ್‌ನಿಗೆ ಇನ್ನೊಬ್ಬ, ಒಂಬತ್ತು ಮಂದಿ ಭಾವಗೀತಕಾರರಿಗೆ ಒಂಬತ್ತು ಮಂದಿ, ಹೀಗೆ ಗುಲಾಮರನ್ನು ತಲಾ 1,00,000 ಸೆಸ್ಟರ್ಸ್ (ರೋಮಿನ ನಾಣ್ಯ) ಖರ್ಚಿನಲ್ಲಿ ಕೂಡಿಹಾಕಿದ. ಊಟದ ಹೊತ್ತಿಗೆ ಅವರನ್ನು ತಾನು ಒರಗಿ ಉಣ್ಣುವ ಮಂಚದ ಕಾಲ ಬುಡದಲ್ಲಿ ಕೂರಿಸಿಕೊಂಡು ಅವರಿಂದ ಸಾಲುಗಳನ್ನು ಕೇಳಿ ತಾನು ಒಪ್ಪಿಸುತ್ತಿದ್ದ, ಅದನ್ನೂ ಅರ್ಧಕ್ಕೆ ಮರೆಯುತ್ತಿದ್ದ. ಈ ಪ್ರಸಂಗವನ್ನು ನಗೆಯ ಮಾತಾಗಿ ಹೇಳುವುದುಂಟು. ನನಗೆ ನೆನಪಾಗುವುದು ಆ ಹನ್ನೊಂದು ಜನ. ತಲೆಯೊಳಗೆ ಹೋಮರನನ್ನು ಇಟ್ಟುಕೊಂಡು ಮಂಚದ ಕಾಲ ಬಳಿ ಕೂತವನ ತಲೆಯಲ್ಲಿ ಇನ್ನೇನು ಓಡುತ್ತಿತ್ತು? ನಿಮ್ಮ ಕಾದಂಬರಿ ಅಲ್ಲಿಂದಲೂ ಶುರುವಾಗಬಹುದು.

ಬೆಲೆಯ ಮಾತು ಬಂತಲ್ಲ, ಆ ದುಡ್ಡನ್ನು ನಾವು ಕೈಯಲ್ಲಿ ಹಿಡಿಯುವಷ್ಟು ಹತ್ತಿರದಿಂದ ನೋಡಬಹುದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವು ದೆನಾರಿಯಸ್ ನಾಣ್ಯಗಳು, ಒಂದಕ್ಕೆ 4 ಸೆಸ್ಟರ್ಸ್. ಅಗಸ್ಟಸ್‌ನ ಕಾಲಕ್ಕೆ ಒಬ್ಬ ಕಾಲಾಳು ಸೈನಿಕನ ವರ್ಷದ ಸಂಬಳ ಇಂಥ 225 ನಾಣ್ಯ. ಅದಕ್ಕೂ ಹಿಂದಿನ ತಲೆಮಾರುಗಳಲ್ಲಿ, ದಾಫ್ನಿಸ್ ಎಂಬ ವ್ಯಾಕರಣ ಬಲ್ಲ ಗುಲಾಮನನ್ನು 7,00,000 ಸೆಸ್ಟರ್ಸ್ ಕೊಟ್ಟು ಕೊಂಡರು. ಅಂದರೆ 1,75,000 ಬೆಳ್ಳಿ ನಾಣ್ಯ. ಆ ಸೈನಿಕ ಏಳುನೂರ ಎಪ್ಪತ್ತು ವರ್ಷ ದುಡಿದರೂ ಅಷ್ಟು ಕೂಡುವುದಿಲ್ಲ. ಒಬ್ಬ ವ್ಯಾಕರಣಕಾರ!

ಇದರ ಜೊತೆಗೆ ರೋಮಿನ ಹಳೆಯ ರಾಜಕಾರಣಿ ಹಿರಿಯ ಕೇಟೊನ ಮನೆಯನ್ನೂ ಇಟ್ಟು ನೋಡಿ. ಅವನ ಮನೆಯಲ್ಲಿ ಚೀಲೊ ಎಂಬ ಒಳ್ಳೆಯ ಮೇಷ್ಟ್ರು ಇದ್ದ, ಗುಲಾಮನೇ. ಊರ ಮಕ್ಕಳು ಎಷ್ಟೋ ಜನ ಅವನ ಹತ್ತಿರ ಕಲಿತರು. ಕೇಟೊ ತನ್ನ ಮಗನನ್ನು ಮಾತ್ರ ಅವನ ಬಳಿ ಕೂರಿಸಲಿಲ್ಲ, ತಾನೇ ಕಲಿಸಿದ. ಯಾಕೆಂದರೆ ಪಾಠ ಬರದಿದ್ದರೆ ಮೇಷ್ಟ್ರು ಮಗನ ಕಿವಿ ಹಿಂಡಬೇಕಾಗುತ್ತದೆ, ಗುಲಾಮನ ಕೈ ಮಗನ ಕಿವಿಗೆ ತಾಗಬಾರದು. ಇನ್ನೊಂದು ಕಾರಣವನ್ನೂ ಪ್ಲೂಟಾರ್ಕ್ ಕೊಡುತ್ತಾನೆ. ವಿದ್ಯೆಯಂಥ ದೊಡ್ಡ ವಸ್ತುವಿಗಾಗಿ ಮಗ ಒಬ್ಬ ಗುಲಾಮನಿಗೆ ಋಣಿಯಾಗಬಾರದು. ನೋಡಿ, ಋಣ ಎಂಬುದೊಂದು ಇದೆ ಎಂದು ಕೇಟೊನಿಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ತಪ್ಪಿಸಿಕೊಂಡ.

ಈಗ ಟೀರೊ. ಸಿಸೆರೊನ ಮನೆಯ ಗುಲಾಮ, ಆಮೇಲೆ ಬಿಡುಗಡೆಯಾದವನು. ಸಿಸೆರೊ ಹೇಳುತ್ತ ಹೋದಂತೆ ಬರೆದುಕೊಳ್ಳುವುದು ಅವನ ಕೆಲಸ. ಮೇಣ ಮೆತ್ತಿದ ಮರದ ಹಲಗೆ, ನಮ್ಮ ಓಲೆಗರಿಯ ಕಂಟದಂಥ ಲೋಹದ ಕಡ್ಡಿ. ಕಡ್ಡಿಯ ಒಂದು ತುದಿ ಚೂಪು, ಬರೆಯಲು. ಇನ್ನೊಂದು ತುದಿ ಚಪ್ಪಟೆ, ಮೇಣ ಸವರಿ ಅಳಿಸಲು. ಒಮ್ಮೆ ಸಿಸೆರೊ ಒಂದು ಪತ್ರವನ್ನು ಬಹಳ ಎಚ್ಚರದಿಂದ ಬರೆಸಬೇಕಿತ್ತು. ಅದನ್ನು ಟೀರೊನಿಗೆ ಹೇಳಲಿಲ್ಲ, ಅವನು ಇಡೀ ವಾಕ್ಯಗಳನ್ನು ಒಟ್ಟಿಗೇ ಹಿಡಿದುಬಿಡುತ್ತಾನೆ, ಅದಕ್ಕೇ ಸ್ಪಿಂಥಾರಸ್ ಎಂಬ ಇನ್ನೊಬ್ಬನಿಗೆ ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದೆ ಎಂದು ಅಟ್ಟಿಕಸ್‌ನಿಗೆ ತಿಳಿಸುತ್ತಾನೆ. ಟೀರೊನ ಕೈಯ ವೇಗ ಎಷ್ಟಿತ್ತೆಂದು ಇದರಿಂದ ಊಹಿಸಿಕೊಳ್ಳಬಹುದು.

ಆ ವೇಗದ ಹೆಸರೇ ಶೀಘ್ರಲಿಪಿ. ಲ್ಯಾಟಿನ್ ಶೀಘ್ರಲಿಪಿಯ ಚಿಹ್ನೆಗಳಿಗೆ ಇವತ್ತಿಗೂ ಟೀರೊನ ಹೆಸರೇ ಇದೆ. ಕ್ರಿ.ಪೂ. 63ರ ಡಿಸೆಂಬರಿನಲ್ಲಿ ಸೆನೆಟ್‌ನಲ್ಲಿ ಹಿರಿಯ ಕೇಟೊನ ವಂಶದ ಕಿರಿಯ ಕೇಟೊ ಮಾಡಿದ ಭಾಷಣ ಉಳಿದದ್ದು ಸಿಸೆರೊ ತಯಾರು ಮಾಡಿದ್ದ ಶೀಘ್ರಲಿಪಿಗಾರರಿಂದ ಎಂದು ಪ್ಲೂಟಾರ್ಕ್ ಹೇಳುತ್ತಾನೆ. ಒಂದು ನೂರು ವರ್ಷ ಕಳೆದ ಮೇಲೆ ಸೆನೆಕಾ ಇದೇ ವಿದ್ಯೆಯನ್ನು ‘ತೀರ ಕೀಳು ಗುಲಾಮರು ಕಂಡುಹಿಡಿದದ್ದು’ ಎಂದು ತಳ್ಳಿಹಾಕಿದ. ಅದನ್ನು ಓದಿದಾಗ ನನಗೆ ನಿಜಕ್ಕೂ ನೋವಾಯಿತು, ಯಾಕೆಂದರೆ ಬೇರೆಡೆ ಗುಲಾಮರೂ ಮನುಷ್ಯರೇ ಎಂದು ಬರೆದವನೂ ಅವನೇ. ಅಂದಹಾಗೆ, ಐರ್ಲೆಂಡಿಗೆ ಹೋದವರು ನಮ್ಮಲ್ಲಿ ಯಾರಾದರೂ ಇದ್ದರೆ, ಅಲ್ಲಿನ ಐರಿಷ್ ಫಲಕಗಳಲ್ಲಿ ‘ಮತ್ತು’ ಎಂಬುದಕ್ಕೆ ಏಳು ಅಂಕಿಯಂಥ ಒಂದು ಗುರುತು ಬರೆದಿರುವುದನ್ನು ಕಂಡಿರಬಹುದು. ಅದು ಟೀರೊನ ಹೆಸರಿನ ಚಿಹ್ನೆಗಳಲ್ಲೊಂದು. ಎರಡು ಸಾವಿರ ವರ್ಷದಿಂದ ನಡೆದುಬಂದಿದೆ.

ಕ್ರಿ.ಪೂ. 53ರ ಏಪ್ರಿಲ್. ಟೀರೊನಿಗೆ ಕಾಯಿಲೆ. ಸಿಸೆರೊ ಬೇರೆ ಊರಿನಲ್ಲಿದ್ದಾನೆ. ನೀನಿಲ್ಲದೆ ನನ್ನ ಬರವಣಿಗೆ ಸೊರಗಿಹೋಗಿದೆ ಎಂದು ಬರೆಯುತ್ತಾನೆ. ಜೊತೆಗೆ ಒಂದು ಮಾತು ಸೇರಿಸುತ್ತಾನೆ. ಹೇಳಿದ್ದು ಹೇಳಿದ ದಿನಕ್ಕೆ ಆಗುತ್ತದೆ, ‘ಫೀದೆಸ್’ ಎಂಬ ಪದದ ಮೂಲ ಏನೆಂದು ನಿನಗೆ ಕಲಿಸಿದ್ದೇನಲ್ಲ. ಫೀದೆಸ್ ಅಂದರೆ ನಂಬಿಕೆ, ಕೊಟ್ಟ ಮಾತು, ನಿಷ್ಠೆ. ಸಿಸೆರೊನ ಪ್ರಕಾರ ‘ಆಡಿದ್ದು ಆಗಲಿ’ ಎಂಬುದರಿಂದ ಆ ಪದ ಹುಟ್ಟಿದೆ. ಇಲ್ಲಿ ಹೇಳಿದ್ದು ಅಂದರೆ ಬಿಡುಗಡೆ. ಒಬ್ಬ ಮನುಷ್ಯನ ಸ್ವಾತಂತ್ರ್ಯದ ಸುದ್ದಿ ಅವನಿಗೆ ತಲುಪಿದ್ದು ಒಂದು ಪದದ ವ್ಯುತ್ಪತ್ತಿಯ ಮರೆಯಲ್ಲಿ. ಟೀರೊ ಓದಿದವನಲ್ಲವೆ, ಅರ್ಥವಾಗುತ್ತದೆ.

ಬಿಡುಗಡೆಯಾಯಿತು. ಗಾಲ್‌ನಲ್ಲಿ, ಅಂದರೆ ಈಗಿನ ಫ್ರಾನ್ಸಿನ ಕಡೆ, ಸೀಸರನ ಸೈನ್ಯದ ಜೊತೆಗಿದ್ದ ಸಿಸೆರೊನ ತಮ್ಮ ಕ್ವಿಂಟಸ್ ಅಣ್ಣನಿಗೆ ಬರೆದ. ಅವನು ನಮಗೆ ಗುಲಾಮನಾಗಿರುವುದಕ್ಕಿಂತ ಗೆಳೆಯನಾಗಿರಲಿ ಎಂದು ನೀನು ಬಯಸಿದೆಯಲ್ಲ, ನಿನ್ನ ಪತ್ರವನ್ನೂ ಅವನ ಪತ್ರವನ್ನೂ ಓದಿ ನಾನು ಕುಣಿದುಬಿಟ್ಟೆ! ‘ಅವನ ಪತ್ರವನ್ನೂ’ ಎಂಬುದನ್ನು ಗುರುತು ಹಾಕಿಕೊಳ್ಳಿ. ಬಿಡುಗಡೆಯಾದ ಆ ದಿನಗಳಲ್ಲಿ ಟೀರೊ ಒಂದು ಪತ್ರ ಬರೆದಿದ್ದ. ಕುಣಿದ ಕ್ವಿಂಟಸ್‌ನ ಪತ್ರ ನಮ್ಮ ಕೈಯಲ್ಲಿದೆ, ಕುಣಿಸಿದ ಪತ್ರ ಇಲ್ಲ.

ಮೂರು ವರ್ಷದ ಮೇಲೆ, ಕ್ರಿ.ಪೂ. 50ರ ನವೆಂಬರ್. ಸಿಸೆರೊ ಕಿಲಿಕಿಯ ಪ್ರಾಂತದ ಆಡಳಿತ ಮುಗಿಸಿ ಊರಿಗೆ ಮರಳುತ್ತಿದ್ದಾನೆ. ಗ್ರೀಸಿನ ಪಾತ್ರಾಸ್ ಬಂದರಿನಲ್ಲಿ ಟೀರೊ ಮತ್ತೆ ಮಲಗಿದ. ಅವನನ್ನು ಅಲ್ಲೇ ಬಿಟ್ಟು ಹಡಗು ಮುಂದೆ ಹೋಯಿತು. ದಾರಿಯ ಒಂದೊಂದು ಬಂದರಿನಿಂದಲೂ ಸಿಸೆರೊ ಬರೆಯುತ್ತಾನೆ, ಒಂದು ದಿನವಂತೂ ಮೂರು ಪತ್ರ. ವೈದ್ಯನಿಗೆ ಕೇಳಿದಷ್ಟು ದುಡ್ಡು ಕೊಡು. ಹೊಟ್ಟೆ ಕೆಟ್ಟಿರುವಾಗ ನಿನಗೆ ಸಾರು ಕುಡಿಸಿದ್ದು ಸರಿಯಲ್ಲ. ಅವಸರ ಮಾಡಬೇಡ, ಸಮುದ್ರ ಶಾಂತವಾಗಲಿ. ಮನೆಯಲ್ಲಿ, ನ್ಯಾಯಾಲಯದಲ್ಲಿ, ಊರಲ್ಲಿ, ಪ್ರಾಂತದಲ್ಲಿ, ನನ್ನ ಓದಿನಲ್ಲಿ, ಬರಹದಲ್ಲಿ ನೀನು ಸಲ್ಲಿಸಿದ ಸೇವೆಗೆ ಲೆಕ್ಕವಿಲ್ಲ, ಆದರೆ ನೀನು ಗುಣವಾಗಿ ನನ್ನ ಕಣ್ಣಿಗೆ ಬಿದ್ದರೆ ಅದು ಅವೆಲ್ಲವನ್ನೂ ಮೀರಿಸಿದ ಸೇವೆ.

ಈ ಪ್ರೀತಿ ಸುಳ್ಳಲ್ಲ. ಮಗನಿಗೆ ಬರೆದಂತೆ ಇದೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಆದರೂ ‘ಸೇವೆ’ ಎಂಬ ಪದವನ್ನು ಬಿಟ್ಟುಕೊಡಬೇಡಿ. ಟೀರೊ ಹುಷಾರಾಗುವುದೂ ಸಿಸೆರೊನಿಗೆ ಸಲ್ಲಿಸುವ ಕರ್ತವ್ಯದ ಖಾತೆಗೇ ಜಮೆಯಾಗುತ್ತಿದೆ.

ಇನ್ನೊಂದು ಪತ್ರಕ್ಕೆ ಬರುತ್ತೇನೆ, ನನ್ನ ಇಡೀ ಮಾತು ನಿಂತಿರುವುದು ಅದರ ಮೇಲೆ. ಬಿಡುಗಡೆಯಾಗಿ ಕೆಲವು ವರ್ಷ ಕಳೆದಿವೆ. ಟೀರೊ ಯಾವುದೋ ಪತ್ರದಲ್ಲಿ, ಆರೋಗ್ಯವನ್ನು ‘ಫಿದೇಲಿತೆರ್’, ಅಂದರೆ ನಿಷ್ಠೆಯಿಂದ, ನೋಡಿಕೊಳ್ಳುವ ಬಗ್ಗೆ ಬರೆದಿದ್ದಾನೆ. ಸಿಸೆರೊ ಅದನ್ನು ಹಿಡಿದುಕೊಂಡ. ನನ್ನ ಬರಹಗಳಿಗೇ ಅಳತೆಗೋಲಾದ ನೀನು ಈ ತಪ್ಪು ಬಳಕೆಯನ್ನು ಎಲ್ಲಿಂದ ತಂದೆ? ಆ ಪದದ ಸ್ವಂತ ಮನೆ ಇರುವುದು ಕರ್ತವ್ಯದಲ್ಲಿ, ಅದು ಬೇರೆ ಮನೆಗಳಿಗೂ ವಲಸೆ ಹೋಗುವುದುಂಟು, ಆದರೆ ಸಂಕೋಚದಿಂದ ಹೋಗಬೇಕು. ಆ ಪತ್ರದಲ್ಲೇ ಒಂದು ಚಟಾಕಿಯನ್ನೂ ಹಾರಿಸುತ್ತಾನೆ. ನಿನ್ನ ಹಂಚಿಕೆ ನನಗೆ ಗೊತ್ತಾಯಿತು, ನಿನ್ನ ಪತ್ರಗಳೂ ಸಂಪುಟಕ್ಕೆ ಸೇರಬೇಕು ಎಂದು ಆಸೆ!

ಸೇರಲಿಲ್ಲ. ಸಿಸೆರೊನ ಪತ್ರಸಂಪುಟಗಳಲ್ಲಿ ‘ಗೆಳೆಯರಿಗೆ’ ಎಂಬ ಸಂಗ್ರಹದ 16ನೆಯ ಸಂಪುಟ ಪೂರ್ತಿ ಟೀರೊನ ಸುತ್ತಲಿನದು. ಸಿಸೆರೊ ಅವನಿಗೆ ಬರೆದದ್ದು, ಕ್ವಿಂಟಸ್ ಬರೆದದ್ದು, ಸಿಸೆರೊನ ಮಗ ಬರೆದದ್ದು. ಟೀರೊ ಬರೆದ ಒಂದೂ ಇಲ್ಲ. ಆ ಪತ್ರಗಳನ್ನು ಜೋಪಾನ ಮಾಡಿದ್ದು ಯಾರು? ನನ್ನ ಪತ್ರಗಳ ಸಂಗ್ರಹ ಅಂತ ಏನೂ ಇಲ್ಲ, ಟೀರೊನ ಹತ್ತಿರ ಒಂದು ಎಪ್ಪತ್ತು ಇವೆ ಎಂದು ಕ್ರಿ.ಪೂ. 44ರಲ್ಲಿ ಸಿಸೆರೊನೇ ಹೇಳುತ್ತಾನೆ. ಪತ್ರಗಳು ಲೋಕಕ್ಕೆ ಬಂದದ್ದರಲ್ಲಿ ಟೀರೊನ ಕೈ ಇತ್ತು ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಹಾಗಾದರೆ ತನ್ನ ಪತ್ರಗಳನ್ನು ಹೊರಗಿಟ್ಟವನು ಅವನೇ ಇರಬಹುದು. ತಮಾಷೆಯಾಗಿ ಆಡಿದ ಒಂದು ಮಾತನ್ನು ಮನಸ್ಸಿಗೆ ಹಚ್ಚಿಕೊಂಡನೆ? ಇಲ್ಲವೆ, ಬರೆದುಕೊಳ್ಳುವವನ ಮಾತು ಬರಹದೊಳಗೆ ಬರಬಾರದು ಎಂಬುದು ಚಿಕ್ಕಂದಿನಿಂದ ಮೈಗೂಡಿಹೋಗಿತ್ತೆ?

ಟೀರೊ ಏನೂ ಬರೆಯದ ಮನುಷ್ಯನಲ್ಲ. ಸಿಸೆರೊನ ಜೀವನಚರಿತ್ರೆ ಬರೆದ, ಲ್ಯಾಟಿನ್ ಭಾಷೆಯ ಬಳಕೆಯ ಬಗ್ಗೆ ಬರೆದ. ಹಿರಿಯ ಕೇಟೊನ ಭಾಷಣವೊಂದರಲ್ಲಿ ತಪ್ಪು ಹುಡುಕಿ ಇನ್ನೊಬ್ಬರಿಗೆ ಪತ್ರ ಬರೆದ. ಅದರ ತುಣುಕುಗಳು ಉಳಿದಿರುವುದು ಸುಮಾರು ಎರಡು ಶತಮಾನದ ಮೇಲೆ ಗೆಲಿಯಸ್ ಎಂಬವನು ಅವನ್ನು ಖಂಡಿಸಲು ಎತ್ತಿಕೊಂಡದ್ದರಿಂದ. ಆದರೆ ಸಿಸೆರೊನಿಗೆ ಅವನು ಬರೆದ ಉತ್ತರಗಳಿಂದ ಅವನದೇ ಅಕ್ಷರಗಳಲ್ಲಿ ನಮಗೆ ದಕ್ಕಿರುವುದು ಆರೋಗ್ಯ, ನಿಷ್ಠೆ ಎಂಬ ಆ ಒಂದು ಪದಪುಂಜ. ಅದೂ ಯಜಮಾನ ತಿದ್ದಿದ್ದರಿಂದ.

ಈ ತಿದ್ದುಪಡಿಯನ್ನು ನಾನು ಒಪ್ಪುವುದಿಲ್ಲ. ಪಾತ್ರಾಸ್‌ನಲ್ಲಿ ಮಲಗಿದ್ದವನಿಗೆ, ನೀನು ಗುಣವಾಗುವುದೇ ನನಗೆ ದೊಡ್ಡ ಸೇವೆ ಎಂದು ಬರೆದವನು ಸಿಸೆರೊ. ಆರೋಗ್ಯವನ್ನು ಕರ್ತವ್ಯದ ಮನೆಯೊಳಗೆ ತಂದು ಕೂರಿಸಿದವನು ಅವನೇ. ನಿಷ್ಠೆ ಎಂಬ ಪದದ ಮನೆ ಕರ್ತವ್ಯ ಎನ್ನುವುದಾದರೆ, ಟೀರೊ ಆ ಪದವನ್ನು ಅದರ ಸ್ವಂತ ಮನೆಯಲ್ಲೇ ಇಟ್ಟಿದ್ದ. ಇಷ್ಟು ಹೇಳಲು ಬೇಕಾದ ವ್ಯಾಕರಣ ಅವನಿಗೆ ಗೊತ್ತಿತ್ತು. ಅವನು ಹಾಗೆ ಉತ್ತರಿಸಿದನೋ ಇಲ್ಲವೋ, ಆ ಉತ್ತರದಲ್ಲೇ ನಿಮ್ಮ ಪರ್ಯಾಯ ರೋಮ್ ಶುರುವಾಗುತ್ತದೆ.

ಬರೆಯುವವರಿಗೆ ಎರಡು ಎಚ್ಚರಿಕೆ. ಮೊದಲನೆಯದು, ಮೈ. ಗುಲಾಮನ ಸಾಕ್ಷ್ಯ ನ್ಯಾಯಾಲಯದಲ್ಲಿ ಸಲ್ಲಬೇಕಾದರೆ ಅದನ್ನು ಚಿತ್ರಹಿಂಸೆ ಕೊಟ್ಟೇ ಪಡೆದಿರಬೇಕು ಎಂಬುದು ರೋಮಿನ ನಿಯಮ. ಕ್ರಿ.ಪೂ. 52ರಲ್ಲಿ ಕೊಲೆಯ ಆರೋಪ ಹೊತ್ತ ರಾಜಕಾರಣಿ ಮಿಲೊ ತನ್ನ ಗುಲಾಮರನ್ನು ಬಿಡುಗಡೆ ಮಾಡಿದ್ದು ಅವರು ಆ ಹಿಂಸೆಗೆ ಸಿಗದಿರಲಿ ಎಂದೇ ಅಂತ ಎದುರಾಳಿಗಳು ಆಡಿಕೊಂಡರು, ಸಿಸೆರೊ ಅವನ ಪರ ವಾದ ಬರೆದ. ಒಡೆಯನ ಗುಟ್ಟನ್ನೆಲ್ಲ ಬರೆದುಕೊಂಡವನ ಬೆನ್ನಿಗೆ ಈ ನಿಯಮ ಯಾವಾಗಲೂ ಅಂಟಿಕೊಂಡಿರುತ್ತದೆ. ಅವನು ಹಲಗೆಯ ಮೇಲೆ ಬರೆಯುವ ಪ್ರತಿ ಸಾಲಿನಲ್ಲೂ ಅದು ಇರಲಿ.

ಎರಡನೆಯದು, ಎಲ್ಲರನ್ನೂ ಟೀರೊ ಮಾಡಬೇಡಿ. ಆ ಮನೆಯಲ್ಲೇ ಫಿಲೊಲೊಗಸ್ ಇದ್ದ. ಹೆಸರಿನ ಅರ್ಥ ಅಕ್ಷರಪ್ರೇಮಿ. ಕ್ವಿಂಟಸ್ ಬಿಡುಗಡೆ ಮಾಡಿದವನು, ಅವನಿಗೆ ವಿದ್ಯೆ ಕೊಟ್ಟವನು ಸಿಸೆರೊ. ಕ್ರಿ.ಪೂ. 43ರ ಡಿಸೆಂಬರ್ 7ರಂದು ಸಿಸೆರೊನನ್ನು ಕೊಲ್ಲಲು ಕೊಲೆಗಾರರು ಬಂದಾಗ, ಅವನ ಪಲ್ಲಕ್ಕಿ ಮರಗಳ ನೆರಳಿನ ದಾರಿಯಲ್ಲಿ ಸಮುದ್ರದ ಕಡೆ ಹೋಗುತ್ತಿದೆ ಎಂದು ಕೈತೋರಿಸಿದವನು ಫಿಲೊಲೊಗಸ್ ಎಂದು ಪ್ಲೂಟಾರ್ಕ್ ಬರೆಯುತ್ತಾನೆ. ಆಮೇಲೆ ಅವನಿಗೆ ಕ್ವಿಂಟಸ್‌ನ ಹೆಂಡತಿ ಕೊಡಿಸಿದ ಶಿಕ್ಷೆಯನ್ನು ನಾನು ಇಲ್ಲಿ ವಿವರಿಸುವುದಿಲ್ಲ, ಅಷ್ಟು ಘೋರ. ಪ್ಲೂಟಾರ್ಕ್ ಕೊನೆಗೆ ಇನ್ನೊಂದು ಮಾತು ಸೇರಿಸುತ್ತಾನೆ: ಟೀರೊ ಮಾತ್ರ ಫಿಲೊಲೊಗಸ್‌ನ ದ್ರೋಹದ ವಿಷಯವನ್ನೇ ಎತ್ತಿಲ್ಲ. ಇಲ್ಲೂ ಟೀರೊ ಬರೆಯದೆ ಬಿಟ್ಟ. ಅದು ಸುಳ್ಳು ಸುದ್ದಿಯಾಗಿತ್ತೋ, ಜೊತೆಯಲ್ಲಿ ಅಕ್ಷರ ಕಲಿತವನ ಬಗ್ಗೆ ಕೈ ಓಡಲಿಲ್ಲವೋ.

ಕೊನೆಯದಾಗಿ ಡಯೊನೀಸಿಯಸ್. ಸಿಸೆರೊನ ಗ್ರಂಥಭಂಡಾರ ನೋಡಿಕೊಳ್ಳುತ್ತಿದ್ದ ಗುಲಾಮ. ಪುಸ್ತಕಗಳನ್ನು ಕದ್ದ, ಸಿಕ್ಕಿಬೀಳುವೆನೆಂದು ಓಡಿಹೋದ. ಕ್ರಿ.ಪೂ. 46ರ ಸುಮಾರಿಗೆ ಅವನು ಏಡ್ರಿಯಾಟಿಕ್ ಸಮುದ್ರದ ಆಚೆ ದಡದಲ್ಲಿ, ಈಗಿನ ಕ್ರೊಯೇಷಿಯಾದಲ್ಲಿದ್ದ ನರೋನ ಪಟ್ಟಣದಲ್ಲಿ ಸಿಸೆರೊನ ಪರಿಚಯದವರ ಕಣ್ಣಿಗೆ ಬಿದ್ದ. ಸಿಸೆರೊ ನನ್ನನ್ನು ಬಿಡುಗಡೆ ಮಾಡಿದ್ದಾನೆ ಎಂದ, ಅವರು ನಂಬಿದರು. ಅವನನ್ನು ಹಿಡಿದು ಕಳಿಸಿ ಎಂದು ಸಿಸೆರೊ ಅಲ್ಲಿನ ಅಧಿಕಾರಿಗೆ ಬರೆದ. ಅದು ಸಣ್ಣ ಕೆಲಸ, ಆದರೆ ನನ್ನ ಮನಸ್ಸಿನ ನೋವು ದೊಡ್ಡದು ಎಂದ. ಆಮೇಲೆ ಅಲ್ಲಿಗೆ ಬಂದ ವಟೀನಿಯಸ್ ಎಂಬ ಅಧಿಕಾರಿ, ಅವನು ವರ್ಡಾಯಿ ಜನರ ನಡುವೆ ಇದ್ದಾನಂತೆ, ನೆಲದ ಮೇಲೂ ನೀರಿನ ಮೇಲೂ ಹುಡುಕಿಸುತ್ತೇನೆ ಎಂದ. ಇನ್ನೊಂದು ಪತ್ರದಲ್ಲಿ, ಡಯೊನೀಸಿಯಸ್‌ನ ಸುಳಿವು ಇನ್ನೂ ಸಿಕ್ಕಿಲ್ಲ, ಡಾಲ್ಮೇಷಿಯಾದ ಚಳಿ ನನ್ನನ್ನೇ ಅಲ್ಲಿಂದ ಓಡಿಸಿತು, ಆದರೂ ಬಿಡುವುದಿಲ್ಲ ಎಂದ. ಅವನು ಸಿಕ್ಕ ಎಂಬ ಪತ್ರ ಯಾವುದೂ ಇಲ್ಲ.

ನರೋನದಲ್ಲಿ ಜನ ಯಾಕೆ ನಂಬಿದರು ಎಂದು ಯೋಚಿಸಿ. ಬಿಡುಗಡೆಯಾದ ಗುಲಾಮ ಯಜಮಾನನ ಹೆಸರನ್ನೇ ತನ್ನ ಹೆಸರಿನ ಮುಂದೆ ಹಾಕಿಕೊಳ್ಳುವುದು ರೂಢಿ. ಸಿಸೆರೊನ ಪೂರ್ತಿ ಹೆಸರು ಮಾರ್ಕಸ್ ಟೂಲಿಯಸ್ ಸಿಸೆರೊ, ಟೀರೊ ಬಿಡುಗಡೆಯಾದ ಮೇಲೆ ಮಾರ್ಕಸ್ ಟೂಲಿಯಸ್ ಟೀರೊ ಆದ. ಹಾಗಾದರೆ ಕದ್ದ ಸುರುಳಿಗಳ ಗಂಟನ್ನು ಪಕ್ಕದಲ್ಲಿಟ್ಟುಕೊಂಡ ಡಯೊನೀಸಿಯಸ್‌ನನ್ನು ಯಾರೋ ಹೆಸರು ಕೇಳಿರಬೇಕು. ಅವನ ಬಳಿ ತೋರಿಸಲು ದಾಖಲೆಯಿಲ್ಲ, ಸಾಕ್ಷಿಯಿಲ್ಲ. ಇರುವುದು ಸಿಸೆರೊನ ಮನೆಯಲ್ಲಿ ಕಲಿತ ಅಪ್ಪಟ ಲ್ಯಾಟಿನ್. ಅವನು ಬಾಯಿ ತೆರೆದು, ತಡವರಿಸದೆ, ಆ ಹೆಸರನ್ನು ಹೇಳಬೇಕು: ಮಾರ್ಕಸ್ ಟೂಲಿಯಸ್ ಡಯೊನೀಸಿಯಸ್.